ಲೋಹದ ಹೆಸರು, ಅಂಚಿನ ಕೆಲಸ

ಹಳೆಯ ಜೆಬಿಎಲ್ ಸ್ಟುಡಿಯೋ ಮಾನಿಟರುಗಳನ್ನು ಸಾಕಿಕೊಂಡವರ ನಡುವೆ ಒಂದು ಪಂಕ್ತಿಭೇದ ಯಾರ ತಕರಾರೂ ಇಲ್ಲದೆ ನಡೆದುಬಂದಿದೆ. ಹಾರ್ನಿನ ಹಿಂದಿನ ಡ್ರೈವರಿನಲ್ಲಿ ಕಂಪಿಸಿ ದನಿ ಹುಟ್ಟಿಸುವ ಡಯಾಫ್ರಮ್ ಹೋಯಿತೆಂದರೆ ಮೊದಲ ಎಲೆ ಬೆರಿಲಿಯಂಗೆ. ಅಷ್ಟು ದುಡ್ಡು ಸುರಿಯಲಾರದವರು ಮೂಲದ ಅಲ್ಯೂಮಿನಿಯಂ ಹುಡುಕುತ್ತಾರೆ. ಅದೂ ಸಿಗದವರು ಟೈಟಾನಿಯಂ ಹಾಕಿಸಿಕೊಂಡು, ಯಾರಾದರೂ ಕೇಳಿದರೆ ತುಸು ನಾಚಿಕೊಂಡೇ ಹೇಳುತ್ತಾರೆ. ಬದಲಿ ಡಯಾಫ್ರಮ್‌ಗಳನ್ನು ಹೋಲಿಸಿ ಬರೆದವರಲ್ಲಿ ಬಹುಪಾಲು ಮಂದಿ ಈ ಪಂಕ್ತಿಯನ್ನು ಮೊದಲು ಒಪ್ಪಿಕೊಂಡು ಆಮೇಲೆ ಕೇಳಲು ಕೂತವರು.

ನನ್ನ ತಕರಾರು ಬೆರಿಲಿಯಂ ಮೇಲಲ್ಲ, ಅದಕ್ಕೆ ಸಂದ ಹೊಗಳಿಕೆಯ ಮೇಲೆ. ಈ ಹೋಲಿಕೆಗಳು ಅಳೆಯುವುದು ಒಂದನ್ನು, ಕೀರ್ತಿ ಕೊಡುವುದು ಇನ್ನೊಂದಕ್ಕೆ. ಅಳೆಯುತ್ತಿರುವುದು ಡಯಾಫ್ರಮ್‌ನ ಅಂಚನ್ನು, ಡಯಾಫ್ರಮ್‌ಗೆ ಅಂಟಿದ ತಂತಿಯ ಕಾಯಿಲ್ ಆಡುವ, ಹೊಸದಾಗಿ ಶುಚಿ ಮಾಡಿದ ಅಯಸ್ಕಾಂತದ ಗ್ಯಾಪನ್ನು, ಬದಲಾದ ತೂಕವನ್ನು. ಹೆಸರು ಹೋಗುತ್ತಿರುವುದು ಲೋಹಕ್ಕೆ. ಈ ಗಲಾಟೆಯಲ್ಲಿ ನಿಜಕ್ಕೂ ಮೆಚ್ಚಬೇಕಾದ ಒಂದು ಕೆಲಸ, ಅಲ್ಯೂಮಿನಿಯಂ ಹಾಳೆಯ ಅಂಚಿನಲ್ಲಿ ವಜ್ರಾಕೃತಿಯ ಮಡಿಕೆಗಳನ್ನು ಒತ್ತಿದ ಆ ಹಳೆಯ ಜೆಬಿಎಲ್ ವಿನ್ಯಾಸ, 'ಒರಿಜಿನಲ್' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಒರಿಜಿನಲ್ ಎಂದು ಪೂಜಿಸುವವರೂ ಅದನ್ನು ನೋಡಿದವರಲ್ಲ.

ಮಾತು ಹಬ್ಬದಿರಲೆಂದು ಎರಡೇ ಮಾದರಿಗಳನ್ನು ಹಿಡಿಯುತ್ತೇನೆ. ಒಂದು, 4350 ಮತ್ತು ಅದರ ಉತ್ತರಾಧಿಕಾರಿ 4355: ಎರಡು ಹದಿನೈದು ಅಂಗುಲದ ವೂಫರ್, ಹನ್ನೆರಡು ಅಂಗುಲದ ಮಿಡ್, ನಾಲ್ಕು ಅಂಗುಲದ ಡಯಾಫ್ರಮ್ ಇರುವ ಕಂಪ್ರೆಷನ್ ಡ್ರೈವರ್, ತುದಿಗೆ 2405 ಎಂಬ ಸಣ್ಣ ಸೀಳು ಬಾಯಿಯ ಟ್ವೀಟರ್. ಇನ್ನೊಂದು, 1981ರ 4430: ಒಂದು ವೂಫರ್, ಒಂದು ಹಾರ್ನ್, ಅಷ್ಟೆ. ಅದರ 2344 ಹಾರ್ನಿನ ಉಬ್ಬಿದ ತುಟಿಗಳ ಆಕಾರ ನೋಡಿ ಸ್ಟುಡಿಯೋದವರು ಇಟ್ಟ ಅಡ್ಡಹೆಸರನ್ನು ಇಲ್ಲಿ ಬರೆಯಲಾರೆ. ಮಗುವಿಗೆ ಸ್ನಾನ ಮಾಡಿಸಿದವರಿಗೆ ಹೊಳೆದೀತು. ಆಲ್ಟೆಕ್ 604, ಅದರ ಮೇಲೆ ನೀಲಿ ಹಾರ್ನ್ ಕೂರಿಸಿದ ಯುರೈ 813, ಇವುಗಳದ್ದು ಬೇರೆಯೇ ಕಥೆ. ಅವುಗಳ ಅಭಿಮಾನಿಗಳು ತಮ್ಮ ಜಗಳವನ್ನು ತಾವೇ ಆಡಿಕೊಳ್ಳಬಲ್ಲರು.

ಮೊದಲು ಲೋಹಗಳ ಲೆಕ್ಕ ಮುಗಿಸಿಬಿಡೋಣ. ಹೊಗಳಿಕೆಯೆಲ್ಲ ನಿಂತಿರುವುದು ಅದರ ಮೇಲೆ. ಸಾಂದ್ರತೆ ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂಗೆ 2.7 ಗ್ರಾಂ, ಟೈಟಾನಿಯಂಗೆ 4.5, ಬೆರಿಲಿಯಂಗೆ 1.85. ಬಿಗುವು, ಅಂದರೆ ಎಳೆತಕ್ಕೆ ಬಗ್ಗದ ಗುಣ, ಅದೇ ಕ್ರಮದಲ್ಲಿ ಸುಮಾರು 70, 115, 290 ಗಿಗಾಪಾಸ್ಕಲ್. ಎರಡನ್ನೂ ಸೇರಿಸಿ ಆ ಲೋಹದೊಳಗೆ ಶಬ್ದ ಓಡುವ ವೇಗವನ್ನು ಕಂಡುಹಿಡಿದರೆ ಬೆರಿಲಿಯಂನಲ್ಲಿ ಸೆಕೆಂಡಿಗೆ 12,500 ಮೀಟರಿನ ಆಸುಪಾಸು. ಅಲ್ಯೂಮಿನಿಯಂನಲ್ಲೂ ಟೈಟಾನಿಯಂನಲ್ಲೂ ಸುಮಾರು 5,000. ಎರಡರಲ್ಲೂ ಒಂದೇ. ಡಯಾಫ್ರಮ್ ಒಂದೇ ತುಂಡಾಗಿ ಚಲಿಸುವುದನ್ನು ಬಿಟ್ಟು ತನ್ನೊಳಗೇ ಅಲೆಯತೊಡಗುವ ಆವರ್ತ ಯಾವುದೆಂದು ಹೆಚ್ಚುಕಡಿಮೆ ನಿರ್ಧರಿಸುವುದು ಇದೇ ವೇಗ. 'ಟೈಟಾನಿಯಂ ಗಡಸು, ಹಾಗಾಗಿ ಮೇಲಿನ ಸ್ವರಗಳು ಚುರುಕು' ಎಂಬ ಮಾತು ಇಲ್ಲಿಗೆ ಬಿತ್ತು. ತೂಕ ಅಷ್ಟೇ ಇರಲೆಂದು ಟೈಟಾನಿಯಂ ಹಾಳೆಯನ್ನು ತೆಳುವಾಗಿಸಿದರೆ ಬಾಗುವಿಕೆಯ ಬಿಗುವು ಅಲ್ಯೂಮಿನಿಯಂನ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಅಲ್ಲಿ ದಪ್ಪದ ಘನ ಲೆಕ್ಕಕ್ಕೆ ಬರುತ್ತದೆ. 1980ರ ದಶಕದ ಮೊದಲಲ್ಲಿ ಜೆಬಿಎಲ್ ಟೈಟಾನಿಯಂಗೆ ಹೋದದ್ದು ದನಿಗಾಗಿ ಅಲ್ಲ, ಆಯುಷ್ಯಕ್ಕಾಗಿ. ಲಕ್ಷಾಂತರ ಸಲ ಬಾಗಿದ ಅಲ್ಯೂಮಿನಿಯಂ ಅಂಚಿನಲ್ಲಿ ಬಿರುಕು ಬಿಡುತ್ತದೆ, ಟೈಟಾನಿಯಂ ತಡೆಯುತ್ತದೆ. ರಾಕ್ ಕಚೇರಿಗಳಲ್ಲಿ ರಾತ್ರಿಯಿಡೀ ಅರಚುವ ಹಾರ್ನುಗಳಿಗೆ ಅದು ಬೇಕಿತ್ತು. ಸ್ಟುಡಿಯೋದ ಕಂಟ್ರೋಲ್ ರೂಮಿಗೆ ಅಷ್ಟಾಗಿ ಬೇಕಿರಲಿಲ್ಲ.

ಬೆರಿಲಿಯಂ ಮಾತ್ರ ಲೆಕ್ಕದಲ್ಲಿ ಗೆದ್ದಿದೆ, ಅನುಮಾನವಿಲ್ಲ. ನಾಲ್ಕಂಗುಲದ ಅಲ್ಯೂಮಿನಿಯಂ ಗುಮ್ಮಟ ಹತ್ತು ಸಾವಿರ ಹರ್ಟ್ಸ್ ಮುಟ್ಟುವಷ್ಟರಲ್ಲಿ ಏಕವಾಗಿ ಚಲಿಸುವುದನ್ನು ಬಿಟ್ಟಿರುತ್ತದೆ. ಬೆರಿಲಿಯಂ ಅದನ್ನು ದಾಟಿ ಸಾಕಷ್ಟು ಮೇಲೆ ಹೋಗುತ್ತದೆ. ಹೊಗಳುವವರು ಇಲ್ಲಿಗೆ ಲೇಖನಿ ಕೆಳಗಿಡುತ್ತಾರೆ. ಡಯಾಫ್ರಮ್ ಅಂದರೆ ಬರೀ ಗುಮ್ಮಟವಲ್ಲವಲ್ಲ.

ಗುಮ್ಮಟದ ಸುತ್ತ ಒಂದು ಅಂಚಿದೆ. ಗುಮ್ಮಟವನ್ನು ಚೌಕಟ್ಟಿಗೆ ಹಿಡಿದಿಡುವುದೂ ಹಿಂದೆ ಮುಂದೆ ಆಡಲು ಬಿಡುವುದೂ ಅದೇ. ಜೆಬಿಎಲ್‌ನ ಲೋಹದ ಡಯಾಫ್ರಮ್‌ಗಳಲ್ಲಿ ಗುಮ್ಮಟ ಮತ್ತು ಅಂಚು ಬೇರೆ ಬೇರೆ ಅಲ್ಲ, ಒಂದೇ ಹಾಳೆಯಿಂದ ಒತ್ತಿ ತೆಗೆದದ್ದು. 1954ರ 375 ಡ್ರೈವರಿನಲ್ಲಿ, ಅದರ ವೃತ್ತಿಪರ ರೂಪವಾದ 2440ರಲ್ಲಿ ಈ ಅಂಚು ಅರ್ಧವೃತ್ತದ ಸುರುಳಿ: ಗುಮ್ಮಟದ ಸುತ್ತ ಒಂದು ಸಣ್ಣ ಕೊಳವೆಯನ್ನು ಉದ್ದಕ್ಕೆ ಸೀಳಿ ಇಟ್ಟಂತೆ. ಕೆಳಗಿನ ಆವರ್ತಗಳಲ್ಲಿ ಅದು ಬಿಜಾಗರಿಯ ಕೆಲಸ ಮಾಡುತ್ತದೆ. ಮೇಲೆ ಹೋದ ಹಾಗೆ ಅಂಚಿಗೂ ತನ್ನದೇ ತೂಕವಿದೆ, ತನ್ನದೇ ಬಿಗುವಿದೆ ಎಂಬುದು ನೆನಪಾಗುತ್ತದೆ. ಒಂದು ಹಂತದಲ್ಲಿ ಅಂಚು ತಾನೇ ಅನುರಣಿಸಲು ಶುರುಮಾಡುತ್ತದೆ. ಇದು ಎರಡನೇ ಅನುರಣನ. ಮೊದಲನೆಯದು ಐನೂರು ಹರ್ಟ್ಸಿನ ಸುತ್ತಮುತ್ತ ಇಡೀ ಡಯಾಫ್ರಮ್ ಆಡುವುದು. ಎರಡನೆಯದರ ಆವರ್ತದಲ್ಲಿ ದನಿ ಉಬ್ಬುತ್ತದೆ, ಅದನ್ನು ದಾಟಿದ ಮೇಲೆ ಧೊಪ್ಪನೆ ಇಳಿಯುತ್ತದೆ. 2440ರಲ್ಲಿ ಆ ಇಳಿತ ಒಂಬತ್ತು ಹತ್ತು ಸಾವಿರದಾಚೆಗೇ ಬರುತ್ತದೆ. 4350ರಲ್ಲಿ ಟ್ವೀಟರಿಗೆ ಕೆಲಸ ಒಪ್ಪಿಸುವ ಕ್ರಾಸ್‌ಓವರ್ 9,000 ಹರ್ಟ್ಸ್ ಎಂದು ಇಟ್ಟದ್ದು ಇಂಥ ಡ್ರೈವರಿಗೆ ಹೇಳಿ ಮಾಡಿಸಿದ ಗಡಿ.

ಹಾಗಾದರೆ ಅಂಚನ್ನು ಬಿಗಿ ಮಾಡಿದರಾಯಿತಲ್ಲ ಎನ್ನಬಹುದು. ಬಿಗಿ ಮಾಡಿದರೆ ಎರಡನೇ ಅನುರಣನ ಮೇಲೆ ಹೋಗುತ್ತದೆ, ನಿಜ. ಜೊತೆಗೆ ಮೊದಲನೆಯದೂ ಮೇಲೆ ಹೋಗುತ್ತದೆ. ಡಯಾಫ್ರಮ್ ಕೆಳಗಿನ ಆವರ್ತಗಳಲ್ಲಿ ಬೇಕಾದಷ್ಟು ಆಡುವುದಿಲ್ಲ. ಸಡಿಲ ಬಿಟ್ಟರೆ ಕೆಳಗೆ ಚೆನ್ನ, ಮೇಲೆ ಇಲ್ಲ. ದಶಕಗಳ ಕಾಲ ಡ್ರೈವರ್ ಮಾಡುವವರು ಈ ಇಕ್ಕಟ್ಟಿನಲ್ಲೇ ಯಾವುದೋ ಒಂದು ಕಡೆ ವಾಲಿಕೊಂಡಿದ್ದರು.

ಫ್ಯಾಂಚರ್ ಮರ್ರೆ ಮತ್ತು ಹೊವರ್ಡ್ ಡರ್ಬಿನ್ ಎಂಬ ಇಬ್ಬರು ಜೆಬಿಎಲ್ ಎಂಜಿನಿಯರುಗಳು 1980ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧ ಈ ಇಕ್ಕಟ್ಟಿನ ಕುರಿತಾದದ್ದು. ಅವರ ಉತ್ತರ ಲೋಹ ಬದಲಿಸುವುದಾಗಿರಲಿಲ್ಲ, ಮಡಿಕೆ ಬದಲಿಸುವುದಾಗಿತ್ತು. ಅಂಚಿನ ಸುತ್ತ ಸಾಲಾಗಿ ವಜ್ರಾಕೃತಿಯ ಮಡಿಕೆಗಳು, ಜಪಾನೀಯರ ಒರಿಗಾಮಿಯ ಬಗೆಯವು. ಒಂದೊಂದು ಮಡಿಕೆಯೂ ಚಿಕ್ಕದು, ಬಿಗಿಯಾದದ್ದು, ಹಗುರವಾದದ್ದು. ಸುಲಭಕ್ಕೆ ತಾನೇ ಅಲುಗುವುದಿಲ್ಲ. ಆದರೆ ಮಡಿಕೆ ಮಡಿಕೆ ಸೇರುವ ಗೆರೆಗಳಲ್ಲಿ ಹಾಳೆ ಬಾಗುತ್ತದೆ, ಹಾಗಾಗಿ ಇಡೀ ಅಂಚು ಸಡಿಲವಾಗಿಯೇ ಆಡುತ್ತದೆ. ಬಿಡಿಯಾಗಿ ಬಿಗಿ, ಇಡಿಯಾಗಿ ಸಡಿಲ. ಮೊದಲ ಅನುರಣನ ಇದ್ದಲ್ಲೇ ಉಳಿಯಿತು, ಎರಡನೆಯದು ಹದಿನೆಂಟು ಸಾವಿರದತ್ತ ಜರುಗಿತು. ಅದೇ ಅಲ್ಯೂಮಿನಿಯಂ, ಅದೇ ಗುಮ್ಮಟ, ಅದೇ ಅಯಸ್ಕಾಂತ. ಹೀಗೆ ಬಂದದ್ದು 4355ರಲ್ಲಿ ಕೂತ 2441 ಡ್ರೈವರ್.

ಇದರೊಳಗಿನ ಜಾಣತನವನ್ನು ಇನ್ನಷ್ಟು ಕೆದಕಬೇಕು. ಯಾವ ಕಂಪ್ರೆಷನ್ ಡ್ರೈವರಿನಲ್ಲಾದರೂ ಸುಮಾರು 3,500 ಹರ್ಟ್ಸ್ ದಾಟಿದ ಮೇಲೆ ಡಯಾಫ್ರಮ್ ಮತ್ತು ಕಾಯಿಲಿನ ತೂಕವೇ ದನಿಯನ್ನು ಕೆಳಗೆಳೆಯುತ್ತದೆ. ಆವರ್ತ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿತ. ವಜ್ರದ ಅಂಚಿನ ಎರಡನೇ ಅನುರಣನ ಆ ಇಳಿಜಾರಿನ ತುದಿಯಲ್ಲಿ ನಿಂತು ದನಿಯನ್ನು ಮತ್ತೆ ಎತ್ತಿಹಿಡಿಯುತ್ತದೆ. ಅಂದರೆ ಈ ವಿನ್ಯಾಸದಲ್ಲಿ ಅನುರಣನ ಮುಚ್ಚಿಡಬೇಕಾದ ಕೊರತೆಯಲ್ಲ, ಕೂಲಿಗೆ ಹಚ್ಚಿದ ಆಳು. ಗುಮ್ಮಟವೂ ಆ ಹೊತ್ತಿಗೆ ಒಂದೇ ತುಂಡಾಗಿ ಚಲಿಸುತ್ತಿರುವುದಿಲ್ಲ, ಅದು ವಿನ್ಯಾಸಕಾರರಿಗೆ ಗೊತ್ತು. ಗೊತ್ತಿದ್ದೇ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಈಗ ಬೆರಿಲಿಯಂ ಬದಲಿಯತ್ತ ನೋಡಿ. ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಟ್ರೂಎಕ್ಸ್‌ಟೆಂಟ್ ಡಯಾಫ್ರಮ್‌ನಲ್ಲಿ ಗುಮ್ಮಟವಷ್ಟೇ ಬೆರಿಲಿಯಂ. ಅಂಚು ಪಾಲಿಮರ್. ರೇಡಿಯನ್ ಕಂಪನಿಯ ಅಲ್ಯೂಮಿನಿಯಂ ಬದಲಿಯಲ್ಲೂ ಹಾಗೆಯೇ: ಗುಮ್ಮಟ ಲೋಹದ್ದು, ಅಂಚು ಮೈಲಾರ್. ಪ್ಲಾಸ್ಟಿಕ್ ಅಂಚು ಮೆತ್ತಗೆ, ಒಳಗೇ ಕಂಪನವನ್ನು ನುಂಗಿಕೊಳ್ಳುತ್ತದೆ, ಎರಡನೇ ಅನುರಣನವನ್ನು ತಣ್ಣಗಾಗಿಸುತ್ತದೆ. ಇದು ತಪ್ಪೇನಲ್ಲ. ಇದು ಬೇರೆ ದಾರಿ: ಅಂಚಿನಿಂದ ಯಾವ ಸಹಾಯವನ್ನೂ ಕೇಳದೆ, ಗುಮ್ಮಟವೊಂದೇ ಕೊನೆತನಕ ಹೊರೆ ಹೊರಲಿ ಎಂಬ ದಾರಿ. ಆ ದಾರಿಗೆ ಬೆರಿಲಿಯಂನಂಥ ಗುಮ್ಮಟ ಬೇಕೇಬೇಕು. ವಜ್ರದ ಅಂಚಿನ ದಾರಿಗೆ ಅದು ಬೇಕಿಲ್ಲ.

ಆದ್ದರಿಂದ 'ಅಲ್ಯೂಮಿನಿಯಂ ತೆಗೆದು ಬೆರಿಲಿಯಂ ಹಾಕಿದೆ, ಒರಟುತನ ಹೋಯಿತು' ಎನ್ನುವವರು ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸಿ ಒಂದಕ್ಕೆ ಮಾತ್ರ ಮಾಲೆ ಹಾಕುತ್ತಿದ್ದಾರೆ. ಒರಟುತನ ಹೋಗಿರಬಹುದು. ಹೋದದ್ದು ಲೋಹದಿಂದಲೋ ಪ್ಲಾಸ್ಟಿಕ್ ಅಂಚಿನಿಂದಲೋ? ಉತ್ತರ ಬೇಕಿದ್ದರೆ ಅದೇ ಡ್ರೈವರಿಗೆ ಮೈಲಾರ್ ಅಂಚಿನ ಅಲ್ಯೂಮಿನಿಯಂ ಹಾಕಿ ಕೇಳಬೇಕಿತ್ತು. ಬೆರಿಲಿಯಂ ಕೊಂಡವರಲ್ಲಿ ಈ ಮಧ್ಯದ ಹೆಜ್ಜೆ ಇಟ್ಟವರು ಕಡಿಮೆ. ನಾನು ಕೇಳಿದ ಮಟ್ಟಿಗೆ, 'ಬೆರಿಲಿಯಂನ ನಯ' ಎಂದು ವರ್ಣಿಸುವುದರಲ್ಲಿ ದೊಡ್ಡ ಪಾಲು ಮೈಲಾರ್ ಅಂಚಿನ ಅಲ್ಯೂಮಿನಿಯಂನಲ್ಲೂ ಸಿಗುತ್ತದೆ, ಬೆಲೆಯ ಸಣ್ಣ ಭಾಗಕ್ಕೆ.

ಇನ್ನೊಂದು ಮಾತು ಇದಕ್ಕಿಂತ ಸರಳ, ಆದ್ದರಿಂದಲೇ ಇನ್ನೂ ಮುಜುಗರದ್ದು. 4355ರಲ್ಲಿ ಹಾರ್ನ್ ಡ್ರೈವರಿಗೆ ಕೊಟ್ಟ ಕೆಲಸ 1,200ರಿಂದ 10,000 ಹರ್ಟ್ಸ್‌ವರೆಗೆ. ಅಲ್ಲಿಂದಾಚೆಗೆ 2405. ಬೆರಿಲಿಯಂನ ಲೆಕ್ಕದ ಗೆಲುವು ಯಾವ ಜಾಗದಲ್ಲಿದೆಯೋ ಆ ಜಾಗವನ್ನು ಕ್ರಾಸ್‌ಓವರ್ ಮೊದಲೇ ಕಿತ್ತುಕೊಂಡಿದೆ. ಕ್ರಾಸ್‌ಓವರ್ ಗೋಡೆಯಲ್ಲ, ಇಳಿಜಾರು. ಹತ್ತು ಸಾವಿರದಾಚೆಗೂ ಡ್ರೈವರಿನ ದನಿ ಒಂದಿಷ್ಟು ಸೋರುತ್ತದೆ, ಒಪ್ಪಿದೆ. ಸೋರಿಕೆಯನ್ನು ಚಂದಗಾಣಿಸಲು ಅಷ್ಟು ದುಡ್ಡೆ?

ಜೆಬಿಎಲ್ ಸ್ವತಃ ಬೆರಿಲಿಯಂ ಬಳಸಿದಾಗ ಹೇಗೆ ಬಳಸಿತು ಎಂಬುದನ್ನೂ ನೋಡಬಹುದು. 2001ರ ಕೆ2 ಎಸ್9800ಕ್ಕೆ ಮೂರಂಗುಲದ ಬೆರಿಲಿಯಂ ಡಯಾಫ್ರಮ್ ಇರುವ 435ಬಿಇ ಎಂಬ ಡ್ರೈವರನ್ನೇ ಹೊಸದಾಗಿ ಮಾಡಿತು. ಅದಕ್ಕೆ ತಕ್ಕ ಹಾರ್ನ್, ಅದಕ್ಕೆ ತಕ್ಕ ಕ್ರಾಸ್‌ಓವರ್. 2006ರ ಎವರೆಸ್ಟ್ ಡಿಡಿ66000ರಲ್ಲೂ ಅದೇ ಪದ್ಧತಿ. ಅದಕ್ಕೂ ಎಷ್ಟೋ ಮೊದಲು, ಜೆಬಿಎಲ್‌ನಲ್ಲಿ ವರ್ಷಗಟ್ಟಲೆ ಎಂಜಿನಿಯರ್ ಆಗಿದ್ದ ಬಾರ್ಟ್ ಲೊಕಾಂತಿ ಪಯೋನಿಯರ್ ಕಂಪನಿಯ ಟಿಎಡಿ ವಿಭಾಗಕ್ಕೆ ನೆರವಾದಾಗ, ಅಲ್ಲಿಯ ಟಿಡಿ-4001 ಮೊದಲಿನಿಂದಲೂ ಬೆರಿಲಿಯಂಗೆಂದೇ ಹುಟ್ಟಿದ ಡ್ರೈವರ್. ಹಳೆಯ ಒಡಲಿಗೆ ಹೊಸ ಗುಮ್ಮಟ ತೊಡಿಸಿ ಇದೇ ಮೋಕ್ಷ ಎಂದು ಅವರ್ಯಾರೂ ಹೇಳಲಿಲ್ಲ. ಹೇಳುತ್ತಿರುವವರು ನಾವು.

ಇಲ್ಲಿಗೆ ಸಹ ವಿಮರ್ಶಕರ ಸರದಿ. ಒಂದು ಬಣ ಗ್ರಾಫ್ ನೋಡಿ ತೀರ್ಪು ಕೊಡುತ್ತದೆ. ಇವರು ಡ್ರೈವರನ್ನು ಯಾವುದೋ ಒಂದು ಹಾರ್ನಿಗೆ ಕಚ್ಚಿಸಿ, ಎದುರಿಗೆ ಮೈಕ್ ಇಟ್ಟು, ಬಂದ ಗೆರೆಯನ್ನು ಚೆನ್ನಾಗಿ ನಯ ಮಾಡಿ ಅಚ್ಚುಹಾಕುತ್ತಾರೆ. ಎರಡು ಗೆರೆ ಒಂದರ ಮೇಲೊಂದು ಕೂತರೆ 'ವ್ಯತ್ಯಾಸವಿಲ್ಲ', ಕೂರದಿದ್ದರೆ ಸಪಾಟಾದದ್ದು ಮೇಲು. ಗೆರೆಯನ್ನು ಎಷ್ಟು ನಯ ಮಾಡಿದಿರಿ ಎಂದು ಕೇಳಿದರೆ ಸಿಟ್ಟು ಬರುತ್ತದೆ. ಹತ್ತು ಸಾವಿರದಾಚೆ ಒಂದರ ಪಕ್ಕ ಒಂದು ಎದ್ದಿರುವ ಚೂಪು ಶಿಖರಗಳೇ ಇಲ್ಲಿ ವಿಷಯ. ಅವುಗಳನ್ನು ಸರಾಸರಿಯಲ್ಲಿ ಅದ್ದಿ ತೆಗೆದ ಮೇಲೆ ಹೋಲಿಸಲು ಏನು ಉಳಿಯಿತು? ಅದೂ ಅಲ್ಲದೆ 4355ರ ಹಾರ್ನಿನ ಮುಂದೆ ಓರೆ ತಗಡುಗಳ ಲೆನ್ಸ್ ಇದೆ. ಅದಿಲ್ಲದೆ ಅಳೆದ ಗೆರೆ 4355ರ ಬಗ್ಗೆ ಹೇಳುವುದು ಅಷ್ಟಕ್ಕಷ್ಟೆ.

ಎರಡನೇ ಬಣ ಈಚಿನದು, ಹೆಚ್ಚು ವಿಶ್ವಾಸದ್ದು. ಡಿಜಿಟಲ್ ಈಕ್ವಲೈಸರ್ ಇಟ್ಟು ಎಲ್ಲ ಡಯಾಫ್ರಮ್‌ಗಳನ್ನೂ ಒಂದೇ ಗೆರೆಗೆ ತಂದುಬಿಡಿ, ಆಮೇಲೆ ಯಾರಿಗೂ ಭೇದ ತಿಳಿಯದು ಎಂಬುದು ಇವರ ವಾದ. ಇದರಲ್ಲಿ ಸತ್ಯವಿದೆ ಎನ್ನಲು ನನಗೆ ಸಂಕೋಚವಿಲ್ಲ. ಒಂದು ಅನುರಣನವನ್ನು ಅದಕ್ಕೆ ಸರಿಯಾಗಿ ವಿರುದ್ಧವಾದ ತಿದ್ದುಪಡಿಯಿಂದ ಕಾಲದಲ್ಲೂ ಆವರ್ತದಲ್ಲೂ ಅಳಿಸಬಹುದು, ಅದು ಗಣಿತ. ಆದರೆ ಅಳಿಸುವುದು ಮೈಕ್ ಇಟ್ಟ ಒಂದು ಬಿಂದುವಿನಲ್ಲಿ. ನಾಲ್ಕಂಗುಲದ ಈ ಡ್ರೈವರುಗಳ ಬಾಯಿ ಎರಡಂಗುಲ, ಐದು ಸೆಂಟಿಮೀಟರು. ಹತ್ತು ಸಾವಿರ ಹರ್ಟ್ಸಿನಲ್ಲಿ ಶಬ್ದದ ತರಂಗದುದ್ದ ಮೂರೂವರೆ ಸೆಂಟಿಮೀಟರಿಗಿಂತಲೂ ಕಡಿಮೆ. ಬಾಯಿಯೇ ತರಂಗಕ್ಕಿಂತ ಅಗಲ. ಅಲ್ಲಿ ಗುಮ್ಮಟದ ಬೇರೆ ಬೇರೆ ಭಾಗಗಳ ಅಲೆತ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆಯಾಗಿ ಹೊರಬೀಳುತ್ತದೆ. ನಡುವಿನ ಕುರ್ಚಿಯಲ್ಲಿ ಕೂತವನಿಗೆ ತಿದ್ದಿದ್ದು ಪಕ್ಕದಲ್ಲಿ ನಿಂತವನಿಗೆ ಕೆಟ್ಟಿರಬಹುದು; ಕಂಟ್ರೋಲ್ ರೂಮಿನ ಗೋಡೆಗಳಿಂದ ತಿರುಗಿ ಬರುವ ದನಿಯಂತೂ ಈ ತಿದ್ದುಪಡಿಯ ಮಾತು ಕೇಳುವುದೇ ಇಲ್ಲ. ಎಲ್ಲಕ್ಕೂ ಈಕ್ವಲೈಸರ್ ಎನ್ನುವವರು ಒಬ್ಬರೇ ಕೂತು ಕೇಳುವವರು ಎಂದು ನನ್ನ ಗುಮಾನಿ.

ಮೂರನೆಯ ಬಣಕ್ಕೆ ವಾದವೇ ಬೇಡ. ಕಾರ್ಖಾನೆಯಿಂದ ಬಂದದ್ದೇ ಸರಿ, ಮುಟ್ಟಬೇಡಿ. ನನ್ನ ತೀರ್ಪು ಇವರ ಕಡೆಗಿದೆ ಎಂದು ಇವರು ಸಂಭ್ರಮಿಸುವ ಮೊದಲು ಹೇಳಿಬಿಡುತ್ತೇನೆ: ನಲವತ್ತು ವರ್ಷ ದುಡಿದ ಅಲ್ಯೂಮಿನಿಯಂ ಕಾರ್ಖಾನೆಯಿಂದ ಬಂದಂತೆ ಇಲ್ಲ. ಮಡಿಕೆಗಳ ಗೆರೆಗಳಲ್ಲಿ ಲೋಹ ದಣಿದಿದೆ, ಕಾಯಿಲಿನ ಅಂಟು ಒಣಗಿದೆ, ಆಲ್ನಿಕೊ ಅಯಸ್ಕಾಂತ ಶಕ್ತಿ ಕಳೆದುಕೊಂಡಿರಬಹುದು. ಎಡ ಬಲ ಎರಡೂ ಒಂದೇ ರೀತಿ ಮುಪ್ಪಾಗಿವೆ ಎಂಬ ಖಾತ್ರಿಯೂ ಇಲ್ಲ. ಹಾಗೆಯೇ ಉಳಿಸಿಕೊಂಡದ್ದು 1980ರ ದನಿಯಲ್ಲ, ಅದರ ವೃದ್ಧಾಪ್ಯ.

ಎಲ್ಲ ಬಣಗಳೂ ಸೇರಿ ಮಾಡುವ ತಪ್ಪು ಒಂದಿದೆ. ಹೊಸ ಡಯಾಫ್ರಮ್ ಹಾಕುವಾಗ ಡ್ರೈವರ್ ಬಿಚ್ಚುತ್ತಾರೆ. ಗ್ಯಾಪಿನಲ್ಲಿ ವರ್ಷಗಳಿಂದ ಕೂತ ಧೂಳು, ಕಬ್ಬಿಣದ ಪುಡಿಗಳನ್ನು ಟೇಪಿಗೆ ಅಂಟಿಸಿ ತೆಗೆಯುತ್ತಾರೆ. ಕಾಯಿಲನ್ನು ಹೊಸದಾಗಿ ನಡುವಿಗೆ ಕೂರಿಸುತ್ತಾರೆ. ಆಮೇಲೆ ಕೇಳಿ 'ಆಹಾ' ಎನ್ನುತ್ತಾರೆ. ಹೋಲಿಕೆ ನಡೆದದ್ದು ಹೊಸ ಬೆರಿಲಿಯಂಗೂ ಕೊಳೆ ತುಂಬಿದ ಹಳೆಯ ಅಲ್ಯೂಮಿನಿಯಂಗೂ. ಅಲ್ಲಿ ಗೆದ್ದದ್ದು ಶುಚಿತ್ವ. ಹೊಸ ಅಲ್ಯೂಮಿನಿಯಂ ಹಾಕಿದ್ದರೂ 'ಆಹಾ' ಬರುತ್ತಿತ್ತು. ಹಗುರವಾದ ಡಯಾಫ್ರಮ್ ಮೇಲಿನ ಆವರ್ತಗಳಲ್ಲಿ ಒಂದೆರಡು ಡೆಸಿಬೆಲ್ ಜಾಸ್ತಿ ಕೊಟ್ಟರೆ ಅದೂ 'ವಿವರ' ಎಂಬ ಹೆಸರಿನಲ್ಲಿ ಜಮೆಯಾಗುತ್ತದೆ. ಮಟ್ಟ ಸರಿಹೊಂದಿಸದೆ ಮಾಡಿದ ಹೋಲಿಕೆಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಕೂರಿಸುವ ಕೆಲಸದ ವಿಚಾರಕ್ಕೆ ನಮ್ಮೂರಿನ ಮೈಕ್ ಸೆಟ್ಟಿನವರು ಈ ಹೋಲಿಕೆಗಾರರಿಗಿಂತ ಹೆಚ್ಚು ತಿಳಿದವರು. ಜಾತ್ರೆ, ಆಟ, ಮದುವೆಗಳಿಗೆ ಹೋಗುವ ಅಹುಜಾ ಹಾರ್ನುಗಳ ಯೂನಿಟ್ ಬಿಚ್ಚಿ ಡಯಾಫ್ರಮ್ ಬದಲಿಸುವುದು ಅವರಿಗೆ ದಿನನಿತ್ಯದ ಕಸುಬು. ಸ್ಕ್ರೂ ಪೂರ್ತಿ ಬಿಗಿಯದೆ, ಸಣ್ಣ ದನಿ ಬಿಟ್ಟು, ಕಿವಿ ಹತ್ತಿರವಿಟ್ಟು, ತಟ್ಟಿ ತಟ್ಟಿ ಕರಕರ ನಿಲ್ಲುವ ಜಾಗ ಹುಡುಕಿ ಆಮೇಲೆ ಬಿಗಿಯುತ್ತಾರೆ. ಸ್ಟುಡಿಯೋ ಡ್ರೈವರಿಗೂ ಬೇಕಾದದ್ದು ಮೂಲತಃ ಅದೇ, ಕಿವಿಯ ಜೊತೆಗೆ ನಿಧಾನವಾಗಿ ಏರುವ ಸೈನ್ ಸ್ವರ ಮತ್ತು ಇಂಪೆಡೆನ್ಸ್ ಗೆರೆ ಇಟ್ಟುಕೊಂಡು. ಗುಮ್ಮಟಕ್ಕೂ ಅದರೆದುರಿನ ಫೇಸ್ ಪ್ಲಗ್‌ಗೂ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ. ಬದಲಿ ಗುಮ್ಮಟದ ಎತ್ತರ ಕೂದಲಷ್ಟು ಬೇರೆಯಾದರೂ ಆ ಸಂದಿನ ಗಾಳಿಯ ಪ್ರಮಾಣ ಬದಲಾಗುತ್ತದೆ, ಮೇಲಿನ ಆವರ್ತಗಳೂ ಬದಲಾಗುತ್ತವೆ. ಅಗ್ಗದ ನಕಲಿ ಡಯಾಫ್ರಮ್‌ಗಳು ಸೋಲುವುದು ಹೆಚ್ಚಾಗಿ ಇಲ್ಲಿ, ಲೋಹದಲ್ಲಿ ಅಲ್ಲ.

ಎರಡನೇ ಮಾದರಿಯಾಗಿ ಹಿಡಿದ 4430ರ ಕತೆ ಬೇರೆ. ಡೇವಿಡ್ ಸ್ಮಿತ್, ಡಾನ್ ಕೀಲೆ, ಜಾನ್ ಎರ್ಗಲ್ 1983ರಲ್ಲಿ ಬರೆದ ಪ್ರಬಂಧದಲ್ಲಿ ಅದರ ತರ್ಕವಿದೆ: 1,000 ಹರ್ಟ್ಸಿನಲ್ಲಿ ಹದಿನೈದಂಗುಲದ ವೂಫರಿನ ದನಿ ಎಷ್ಟು ಅಗಲಕ್ಕೆ ಹರಡುತ್ತದೋ, ಹಾರ್ನೂ ಅಷ್ಟೇ ಅಗಲಕ್ಕೆ, ಸುಮಾರು ನೂರು ಡಿಗ್ರಿಗೆ, ಮೇಲಿನವರೆಗೂ ಹರಡಲಿ. ಹಳೆಯ ಹಾರ್ನುಗಳು ಮೇಲೆ ಹೋದಂತೆ ದನಿಯನ್ನು ಕಿರಿದಾಗಿಸಿ ಮುಂದಕ್ಕೆ ತಳ್ಳುತ್ತಿದ್ದವು, ಆ ತಳ್ಳು ತೂಕದ ಇಳಿತವನ್ನು ಮುಚ್ಚಿಹಾಕುತ್ತಿತ್ತು. ಈ ಹಾರ್ನ್ ಹಾಗೆ ಮಾಡುವುದಿಲ್ಲ. ಆದ್ದರಿಂದ ಇಳಿತವನ್ನು ಕ್ರಾಸ್‌ಓವರಿನಲ್ಲೇ ಎತ್ತಿ ಕೊಡಬೇಕು. ಅದರ 2421 ಡ್ರೈವರಿನ ಒಂದೂಮುಕ್ಕಾಲು ಅಂಗುಲದ, ವಜ್ರದ ಅಂಚಿನ ಅಲ್ಯೂಮಿನಿಯಂ ಡಯಾಫ್ರಮ್ ಎಷ್ಟು ಇಳಿಯುತ್ತದೋ ನೋಡಿಕೊಂಡು ಆ ಎತ್ತುವಿಕೆಯನ್ನು ಹೊಂದಿಸಲಾಗಿದೆ. ಇಲ್ಲಿ ಟ್ವೀಟರ್ ಇಲ್ಲ; ತುದಿಯವರೆಗೂ ಹೋಗಬೇಕಾದವನು ಇವನೊಬ್ಬನೇ.

ಅಂಥ ಕಡೆ 2425 ಡ್ರೈವರಿನ ಟೈಟಾನಿಯಂ ಡಯಾಫ್ರಮ್ ಯಾವ ತೊಂದರೆಯೂ ಇಲ್ಲದೆ ಹೊಂದಿಕೂರುತ್ತದೆ, ಹಾಗಾಗಿ ಎಷ್ಟೋ ಮಂದಿ ಹಾಕಿಸಿಕೊಂಡಿದ್ದಾರೆ. ಅಂಚು ಇಲ್ಲೂ ವಜ್ರದ್ದೇ. ಲೋಹವೊಂದೇ ಬೇರೆಯಾಗಿರುವ ಅಪರೂಪದ ಹೋಲಿಕೆ ಇದು, ಇದರ ಬಗ್ಗೆಯೇ ಬರಹಗಳು ಕಡಿಮೆ. ಟೈಟಾನಿಯಂ ಮೇಲಿನ ಅಷ್ಟಕಕ್ಕೆ ಬಂದಾಗ ತನ್ನದೇ ಶಿಖರಗಳನ್ನು ಎಬ್ಬಿಸುತ್ತದೆ, ಅಲ್ಯೂಮಿನಿಯಂಗೆಂದು ಹೊಂದಿಸಿದ ಕ್ರಾಸ್‌ಓವರ್ ಅವನ್ನೂ ಎತ್ತಿ ಕೊಡುತ್ತದೆ. ಕೇಳಲು ನಾನು ಬಳಸುವುದು ತಂಬೂರಿ. ಜವಾರಿ ಚೆನ್ನಾಗಿ ಕೂತ ತಂಬೂರಿಯಲ್ಲಿ ಮೇಲಿನ ಸ್ವರಾಂಶಗಳು ಎಡೆಬಿಡದೆ ಅರಳುತ್ತ ಹೋಗುತ್ತವೆ. ಎಲ್ಲೋ ಒಂದು ಆವರ್ತ ತಾನೇ ಮೊರೆಯುತ್ತಿದ್ದರೆ ಮರೆಮಾಚಲು ಅಲ್ಲಿ ಜಾಗವಿಲ್ಲ. ಅಲ್ಯೂಮಿನಿಯಂನಲ್ಲಿ ತಂತಿಯ ಮೊಳಗು ಮೇಲೆ ಮೇಲೆ ತೆಳುವಾಗುತ್ತ ಹೋಯಿತು. ಟೈಟಾನಿಯಂನಲ್ಲಿ ಪಂಚಮ ಮೀಟಿದರೂ ಷಡ್ಜ ಮೀಟಿದರೂ ಮೇಲೊಂದು ಒಂದೇ ಬಗೆಯ ಹೊಳಪು, ತಂತಿಯದ್ದಲ್ಲ, ಡಯಾಫ್ರಮ್‌ನದು. ಹೆಂಗಸರ ದನಿಯ 'ಸ'ಕಾರ 'ಶ'ಕಾರಗಳಲ್ಲೂ ಅದು ಇಣುಕಿತು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಬದಲಿಸಿ ಎತ್ತುವಿಕೆ ತಗ್ಗಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಅಂದರೆ ಟೈಟಾನಿಯಂ ಅಪರಾಧಿಯೇನಲ್ಲ, ತಪ್ಪು ವಿಳಾಸಕ್ಕೆ ಹೋದ ಅತಿಥಿ. ಅದನ್ನು ಬೈಯುವವರು ಸರಿಯಾದದ್ದನ್ನು ಕೇಳಿ ತಪ್ಪು ಕಾರಣ ಕೊಟ್ಟವರು.

ಇಷ್ಟೆಲ್ಲದರ ನಡುವೆ 'ಬೆರಿಲಿಯಂನಲ್ಲಿ ವಿಕೃತಿ ಕಡಿಮೆ' ಎಂಬ ಮಾತೂ ಚಾಲ್ತಿಯಲ್ಲಿದೆ. ಹಾರ್ನ್ ಡ್ರೈವರುಗಳಲ್ಲಿ ಎರಡನೇ ಹಾರ್ಮೋನಿಕ್ ವಿಕೃತಿ ಹುಟ್ಟುವುದು ಬಹುಪಾಲು ಕಿರಿದಾದ ಗಂಟಲಿನಲ್ಲಿ ಒತ್ತಡಕ್ಕೆ ಸಿಕ್ಕ ಗಾಳಿಯಿಂದ. ಗಾಳಿಗೆ ತನ್ನ ಹಿಂದೆ ಯಾವ ಲೋಹವಿದೆ ಎಂಬುದು ಗೊತ್ತಿಲ್ಲ.

ಸಮತೋಲನಕ್ಕೆಂದು ಬೆರಿಲಿಯಂನ ಪರವಾಗಿ ಒಂದು ಮಾತು: ಟ್ವೀಟರಿಲ್ಲದೆ ದ್ವಿಮಾರ್ಗ ಹಾರ್ನ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಕೊಳ್ಳುವವರಿಗೆ, ನಾಲ್ಕಂಗುಲದ ಡ್ರೈವರನ್ನು ತುದಿಯವರೆಗೂ ಓಡಿಸುವವರಿಗೆ, ಕ್ರಾಸ್‌ಓವರ್ ಕೈಯಾರೆ ಮಾಡಬಲ್ಲವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅವರು ಹಳೆಯ ಮಾನಿಟರನ್ನು ಉಳಿಸಿಕೊಳ್ಳುತ್ತಿಲ್ಲ, ಹೊಸದೊಂದನ್ನು ಮಾಡುತ್ತಿದ್ದಾರೆ. ಪ್ರತಿಯಾಗಿ ಇದನ್ನೂ ತಿಳಿದಿರಬೇಕು: ಮಿತಿಮೀರಿದ ಹೊಡೆತ ಬಿದ್ದರೆ ಅಲ್ಯೂಮಿನಿಯಂ ಸುಕ್ಕುಗಟ್ಟುತ್ತದೆ, ಟೈಟಾನಿಯಂ ಬಿರಿಯುತ್ತದೆ, ಬೆರಿಲಿಯಂ ಗಾಜಿನ ಹಾಗೆ ಚೂರಾಗುತ್ತದೆ. ಇಡಿಯಾಗಿದ್ದಾಗ ನಿರಪಾಯ, ಚೂರಾದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಆಂಪ್ಲಿಫೈಯರ್ ಕೈಕೊಟ್ಟ ದಿನ ಸ್ಪೀಕರಿನ ಹಾರ್ನಿಗೆ ಬಾಯಿಟ್ಟು ಊದಿ ಪರೀಕ್ಷಿಸುವ ಅಭ್ಯಾಸವಿರುವವರು ಬಿಟ್ಟುಬಿಡಲಿ.

4355 ಇಟ್ಟುಕೊಂಡವರು ಕೇಳಿದರೆ ನನ್ನ ಉತ್ತರ ಇಷ್ಟೆ. ಹಳೆಯ ದಾಸ್ತಾನಿನಲ್ಲಿ ವಜ್ರದ ಅಂಚಿನ ಅಲ್ಯೂಮಿನಿಯಂ ಸಿಕ್ಕರೆ ಅದನ್ನೇ ಹಾಕಿಸಿ, ಎಡಕ್ಕೂ ಬಲಕ್ಕೂ ಒಟ್ಟಿಗೆ, ಓಮ್ ನೋಡಿಕೊಂಡು. ಹದಿನಾರು ಓಮಿನ ಜಾಗಕ್ಕೆ ಎಂಟರದ್ದು ತೊಡಿಸಿದರೆ ಕ್ರಾಸ್‌ಓವರಿನ ಲೆಕ್ಕವೆಲ್ಲ ತಲೆಕೆಳಗು. ಸಿಗದಿದ್ದರೆ ಮೈಲಾರ್ ಅಂಚಿನ ಅಲ್ಯೂಮಿನಿಯಂ. ಉಳಿದ ದುಡ್ಡನ್ನು 2405ರ ಮೇಲೆ ಹಾಕಿ. ಹತ್ತು ಸಾವಿರದಾಚೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಅಲ್ಲಿ ನಿಜಕ್ಕೂ ಕೆಲಸ ಮಾಡುವ ಆ ಟ್ವೀಟರಿನ ಉಂಗುರದಂಥ ಅಲ್ಯೂಮಿನಿಯಂ ಡಯಾಫ್ರಮ್ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಅದು ಒಂದರಿಂದೊಂದಕ್ಕೆ ಎದ್ದು ಕಾಣುವಷ್ಟು ಬದಲಾಗುತ್ತದೆ; ಹೊಂದುವ ಜೋಡಿ ಸಿಗಬೇಕಾದರೆ ಹಲವನ್ನು ಅಳೆದು ಆರಿಸಬೇಕು. ಬದಲಿ ಡಯಾಫ್ರಮ್‌ಗಳ ಹೋಲಿಕೆ ಬರೆಯಲು ಕೂತವರು ಅದರಿಂದ ಶುರುಮಾಡಲಿ.